ಬುಧವಾರದ ನಾಲ್ಕು ಪುಟಗಳು

ಆ ದಿನಗಳಲ್ಲಿ ನನ್ನ ಕೈಚೀಲದೊಳಗೆ ಏನೇನಿರುತ್ತಿತ್ತೆಂದು ಮೊದಲೇ ಹೇಳಿಬಿಡುತ್ತೇನೆ. ಒಂದು ಟಾರ್ಚು, ಅದಕ್ಕೆ ಹೆಚ್ಚಿನ ಎರಡು ಸೆಲ್ಲು, ಸೂಜಿ ದಾರ, ಪಿನ್ನುಗಳ ಗೊಂಚಲು, ತಲೆನೋವಿನ ಗುಳಿಗೆ, ಹೊಟ್ಟೆನೋವಿನ ಗುಳಿಗೆ, ಎರಡೂ ಅದಲುಬದಲಾದರೆ ಗತಿಯೇನೆಂದು ಯಾವುದು ಯಾವುದಕ್ಕೆ ಎಂದು ಬರೆದಿಟ್ಟ ಚೀಟಿ, ಸುಡು ಬಿಸಿಲಿನ ತಿಂಗಳಲ್ಲೂ ಒಂದು ಕೊಡೆ, ಮತ್ತು ನನ್ನ ಮನೆಯ ವಿಳಾಸವನ್ನು ನಾನೇ ಬರೆದ ಒಂದು ಪೋಸ್ಟ್‌ಕಾರ್ಡು. ಅಕ್ಕಲಕೋಟೆಗೂ ಸೋಲಾಪುರಕ್ಕೂ ನಡುವೆ ಎಲ್ಲಾದರೂ ನಾನು ಎಚ್ಚರ ತಪ್ಪಿ ಬಿದ್ದರೆ ಯಾರಾದರೂ ಪುಣ್ಯಾತ್ಮರು ಅಂಚೆಗೆ ಹಾಕಲಿ ಎಂದು. ಆ ಕಾರ್ಡು ಮನೆ ಮುಟ್ಟಲು ಎರಡು ದಿನ ಬೇಕು, ಅಷ್ಟರಲ್ಲಿ ನನ್ನ ಗಂಡ ಎಲ್ಲೆಲ್ಲಿ ಅಲೆದಿರುತ್ತಾರೋ ಎಂಬ ಯೋಚನೆ ಬಂದ ದಿನ ಇನ್ನೊಂದು ಕಾರ್ಡು ಸೇರಿಸಿದೆ. ಎರಡನೆಯದರಿಂದ ಏನು ಉಪಯೋಗವೆಂದು ಕೇಳಬೇಡಿ, ನನಗೂ ಗೊತ್ತಿಲ್ಲ.

ಇಂಥ ಚೀಲ ಹೊತ್ತು ತಿರುಗುತ್ತಿದ್ದ ನಾನೇ ಕಂಪ್ಯೂಟರಿನ ವಿಷಯ ಬಂದಾಗ ಮಾತ್ರ, ಅದರೊಳಗೆ ಒಂದು ಕೆಲಸಕ್ಕೆ ಬೇಕಾದ್ದು ಒಂದೇ ಇರಲಿ, ಮಿಕ್ಕಿದ್ದು ಬೇಡ ಎಂದು ಹಟ ಹಿಡಿದಿದ್ದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಸೋಲಾಪುರದಲ್ಲಿ ಚಾದರು, ಟಾವೆಲ್ಲು ಹೊರದೇಶಕ್ಕೆ ಕಳಿಸುವ ಒಬ್ಬ ವ್ಯಾಪಾರಿಗಳ ಪೇಢಿಯಲ್ಲಿ, ಅಂದರೆ ಅವರ ವ್ಯಾಪಾರದ ಕಚೇರಿಯಲ್ಲಿ, ಇಂಗ್ಲಿಷ್ ಪತ್ರ ಬರೆಯುವ ಕೆಲಸ ನನ್ನದು. ದಿನಾ ಬೆಳಿಗ್ಗೆ ಅಕ್ಕಲಕೋಟೆಯಿಂದ ಎಸ್‌ಟಿ ಬಸ್ಸು ಹಿಡಿದು ಬರುತ್ತಿದ್ದೆ. ಮಾಲಕರಿಗೆ ಅರವತ್ತು ದಾಟಿತ್ತು. ಮಾತು ಕನ್ನಡ, ಬರಹ ಮರಾಠಿ. ಇಂಗ್ಲಿಷನ್ನು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು, ಅದೂ ಬೇರೆ ದಾರಿಯೇ ಇಲ್ಲದಾಗ. ಮಗ ಊರ ಹೊರಗಿನ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಗೋದಾಮು ನೋಡಿಕೊಳ್ಳುತ್ತಿದ್ದರು. ಸೊಸೆ ಪುಣೆಯಲ್ಲಿ ಕಂಪ್ಯೂಟರ್ ಓದಿದವರು. ಮದುವೆಯಾಗಿ ಬಂದ ವರ್ಷದೊಳಗೆ ಮಾವನ ಬೆನ್ನು ಬಿದ್ದು ಪೇಢಿಗೆ ಒಂದು ಕಂಪ್ಯೂಟರು, ಒಂದು ಮೋಡೆಮ್ಮು ತರಿಸಿದರು. ಪೇಢಿಯಲ್ಲಿ ಎಲ್ಲರೂ ಅವರನ್ನು ವೈನಿ ಎನ್ನುತ್ತಿದ್ದರು. ಅಣ್ಣನ ಹೆಂಡತಿ ಎಂಬ ಲೆಕ್ಕದಲ್ಲಿ ನನಗೂ ವೈನಿಯೇ, ವಯಸ್ಸಿನಲ್ಲಿ ನನಗಿಂತ ಹದಿಮೂರು ವರ್ಷ ಚಿಕ್ಕವರಾದರೂ.

ಕಂಪ್ಯೂಟರಿನ ಮೇಲೆ ಧೂಳು ಕೂರಬಾರದೆಂದು ಮಾಲಕರು ತಮ್ಮದೇ ಮಾಲಿನ ನವಿಲು ನೆಯ್ದ ಒಂದು ಚಾದರನ್ನು ಹೊದಿಸಿದ್ದರು. ಬೆಳಿಗ್ಗೆ ಅದನ್ನು ತೆಗೆದು ಮಡಚಿಡುವುದು, ಸಂಜೆ ಹೊದಿಸುವುದು ನನ್ನ ಕೆಲಸ. ಹೊದಿಸಿದ ಮೇಲೆ ಅದು ಯಾರೋ ಮುಸುಕು ಹಾಕಿಕೊಂಡು ಕೂತಂತೆ ಕಾಣುತ್ತಿತ್ತು. ನಾನು ಅದರ ಕಡೆ ಬೆನ್ನು ಮಾಡಿ ಕೂರುತ್ತಿರಲಿಲ್ಲ.

ಇಂಟರ್ನೆಟ್ ಬಂದ ವಾರವೇ ಮಾಲಕರು ಒಂದು ಕಾಯಿದೆ ಮಾಡಿದರು. ನಮ್ಮಲ್ಲಿ ಆವಕ-ಜಾವಕ ಎಂಬ ಎರಡು ರಜಿಸ್ಟರುಗಳಿದ್ದವು. ಬಂದ ಪತ್ರ ಆವಕದಲ್ಲಿ, ಹೋದ ಪತ್ರ ಜಾವಕದಲ್ಲಿ. ಪ್ರತಿಯೊಂದಕ್ಕೂ ನಂಬರು, ದಿನ, ಎಲ್ಲಿಂದ, ವಿಷಯ. ಕೊನೆಯ ಅಂಕಣ ವಿಲೇವಾರಿ, ಅಂದರೆ ಆ ಪತ್ರದ ಮೇಲೆ ಏನು ಕ್ರಮವಾಯಿತು ಎಂಬುದು.

"ಬಾಯಾರ, ಈ ಡಬ್ಬಿಯೊಳಗ ಹಾಳಿ ಬರ್ತಾವಲ್ರಿ, ಅವು ಎಲ್ಲಿಂದ ಬರ್ತಾವ?" ಎಂದು ಮಾಲಕರು ಕೇಳಿದರು.

"ಹೊರದೇಶದಿಂದ್ರಿ."

"ಹಂಗಾದ್ರ ಅದು ಆವಕ ಆತಿಲ್ರಿ. ಬರೀರಿ."

ವೈನಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಾನು ನಗಲಿಲ್ಲ. ನನಗೆ ಅದು ಸಮಾಧಾನದ ಮಾತಾಗಿತ್ತು. ಅವತ್ತಿನಿಂದ ಪರದೆಯ ಮೇಲೆ ತೆರೆದ ಪ್ರತಿಯೊಂದು ಹಾಳಿಗೂ, ಅಂದರೆ ಪುಟಕ್ಕೂ, ಒಂದು ನಂಬರು ಹಾಕಿ, ದುಂಡಗಿನ ಅಕ್ಷರದಲ್ಲಿ ಬರೆಯತೊಡಗಿದೆ.

ಆ ಕಂಪ್ಯೂಟರಿನಲ್ಲಿ ಪುಟ ನೋಡಲು ಎರಡು ಬ್ರೌಸರುಗಳಿದ್ದವು. ಒಂದು ಕಂಪ್ಯೂಟರಿನ ಜೊತೆಗೇ ಬಂದದ್ದು. ನಾನು ಅದನ್ನು ದೊಡ್ಡದು ಎನ್ನುತ್ತಿದ್ದೆ. ಪುಟ ತೋರಿಸುವುದಷ್ಟೇ ಅಲ್ಲ, ಅದರ ಹೊಟ್ಟೆಯಲ್ಲಿ ಏನೇನೋ ಇತ್ತು. ಟಪಾಲು ಕಳಿಸುವುದು, ವಿಳಾಸ ಇಟ್ಟುಕೊಳ್ಳುವುದು, ಮೆಚ್ಚಿದ ಪುಟಗಳ ಪಟ್ಟಿ, ಸುದ್ದಿ, ಹೊಸ ಪುಟ ತಾನೇ ಬರೆಯುವ ಸಾಮಾನು. ಮೇಲೆ ಗುಂಡಿಗಳ ಸಾಲು, ಅದರ ಕೆಳಗೆ ಇನ್ನೊಂದು ಸಾಲು. ಯಾವುದನ್ನೋ ಒತ್ತಹೋಗಿ ಯಾವುದೋ ಒತ್ತಿದರೆ ಏನಾದೀತೆಂಬ ಭಯಕ್ಕೆ ನಾನು ಮೌಸನ್ನು ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿಯುತ್ತಿದ್ದೆ. ಇನ್ನೊಂದು ಸಣ್ಣದು. ವೈನಿ ಪುಣೆಯಿಂದ ಒಂದೇ ಒಂದು ಫ್ಲಾಪಿಯಲ್ಲಿ ತಮಾಷೆಗೆಂದು ತಂದದ್ದು. ವಿಳಾಸ ಬರೆಯಲು ಒಂದು ಪಟ್ಟಿ, ಹಿಂದೆ ಹೋಗಲು ಒಂದು ಬಾಣ, ಮುಂದೆ ಹೋಗಲು ಒಂದು ಬಾಣ. ಅಕ್ಷರ ತೋರಿಸುತ್ತಿತ್ತು, ಚಿತ್ರ ತೋರಿಸುತ್ತಿರಲಿಲ್ಲ. ಮುಚ್ಚಿದರೆ ಎಲ್ಲ ಮರೆತುಬಿಡುತ್ತಿತ್ತು. ನನಗೆ ಮೊದಲ ದಿನವೇ ಅದು ಹಿಡಿಸಿತು. ಪೇಢಿಯ ಕೆಲಸದ ಪುಟಗಳನ್ನು ಮಾತ್ರ, ಮಾಲಿನ ಚಿತ್ರ ಕಾಣಬೇಕೆಂದು, ಅಂಜುತ್ತಲೇ ದೊಡ್ಡದರಲ್ಲಿ ತೆರೆಯಬೇಕಾಗುತ್ತಿತ್ತು.

"ಅಕ್ಕಾರ, ಇದು ಆಟಿಗಿ ಸಾಮಾನ್ರಿ. ದೊಡ್ಡದರಾಗ ಎಲ್ಲಾ ಐತಿ, ಅದನ್ನ ವಾಪರ್ರಿ," ಎನ್ನುತ್ತಿದ್ದರು ವೈನಿ.

"ಎಲ್ಲಾ ಐತಿ ಅಂತನ ಹೆದರಿಕಿರಿ. ನನಗ ಎಲ್ಲಾ ಬ್ಯಾಡ, ಹಾಳಿ ಅಷ್ಟ ಸಾಕು."

"ಹೌದಾ? ಹಂಗಾದ್ರ ನಿಮ್ಮ ಚೀಲ ತೋರಸ್ರಿ ನೋಡೂಣು." ನಾನು ಬೇಡವೆನ್ನುವಷ್ಟರಲ್ಲಿ ಚೀಲ ಮಾಲಕರ ಗಾದಿಯ ಮೇಲೆ ಬೋರಲಾಗಿತ್ತು. "ಮಾವಾರ, ನೋಡ್ರಿಲ್ಲೆ. ಬಿಸಲಾಗ ಛತ್ರಿ. ಮಧ್ಯಾನದಾಗ ಟಾರ್ಚು. ತನಗ ತಾನ ಬರಕೊಂಡ ಕಾರ್ಡು! ಒಂದಲ್ರಿ, ಎರಡು! ಇವರಿಗಿ ಸಣ್ಣದು ಬೇಕಂತ."

ಮಾಲಕರು ಕಾರ್ಡನ್ನು ತಿರುಗಿಸಿ ನೋಡಿ, "ವಿಳಾಸದಾಗ ತಾಲೂಕು ಬರದಿಲ್ಲಲ್ರಿ ಬಾಯಾರ," ಎಂದರು. ಅವತ್ತು ಸಂಜೆಯ ಬಸ್ಸಿನಲ್ಲಿ ಕೂತು ಎರಡರ ಮೇಲೂ ತಾಲೂಕು ಬರೆದೆ.

ಆದರೆ ನನ್ನ ಕಡೆಯಿಂದಲೂ ಒಂದು ನ್ಯಾಯವಿತ್ತು. ಅದನ್ನು ಆಗ ಹೇಳಲು ಬರಲಿಲ್ಲ, ಈಗ ಹೇಳುತ್ತೇನೆ. ನನ್ನ ಚೀಲದಲ್ಲಿದ್ದುದನ್ನೆಲ್ಲ ಹಾಕಿದವಳು ನಾನು. ಕತ್ತಲಲ್ಲೂ ಕೈ ಹಾಕಿ ಸೂಜಿ ಯಾವುದು, ಸೆಲ್ಲು ಯಾವುದು ಎಂದು ಹೇಳಬಲ್ಲೆ. ದೊಡ್ಡದರ ಹೊಟ್ಟೆಯಲ್ಲಿರುವುದನ್ನು ಇನ್ನಾರೋ ಇಟ್ಟಿದ್ದರು. ನನಗೆ ಬೇಕಾದೀತೆಂದು ಅವರೇ ಊಹಿಸಿ, ನನ್ನನ್ನು ಕೇಳದೆ ಇಟ್ಟಿದ್ದರು. ನನ್ನ ವಿಷಯವಾಗಿ ನನಗಿಂತ ಮೊದಲೇ ಯೋಚನೆ ಮಾಡಿಟ್ಟವರನ್ನು ಕಂಡರೆ ನನಗೆ ಯಾವತ್ತೂ ಅಂಜಿಕೆ.

ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಎಡಗಡೆಯ ಎದೆಯಲ್ಲಿ, ಕಂಕುಳಿನ ಕಡೆಗೆ, ಬೆರಳಿಗೆ ಏನೋ ಸಿಕ್ಕಿತು. ಕಡಲೆಕಾಳಿನಷ್ಟು. ಒತ್ತಿದರೆ ನೋವಿಲ್ಲ. ನೀರು ಆರಿಹೋಗುವವರೆಗೆ ಅಲ್ಲೇ ಕೂತಿದ್ದೆ. ಹೊರಗಿನಿಂದ ಮಗಳು, ತನ್ನ ಶಾಲೆಗೆ ಹೊತ್ತಾಯಿತೆಂದು ಮರಾಠಿಯಲ್ಲಿ ಕೂಗುತ್ತಿದ್ದಳು.

ಜೀವನದಲ್ಲಿ ನಾನು ಪಟ್ಟ ಸಾವಿರ ಭಯಗಳಲ್ಲಿ ಒಂಬೈನೂರು ಬಾಯಿಬಿಟ್ಟು ಹೇಳಿಕೊಂಡಂಥವು. ಬಸ್ಸಿನ ಬ್ರೇಕು ಸರಿಯಿಲ್ಲ, ಗ್ಯಾಸು ವಾಸನೆ ಬರುತ್ತಿದೆ, ಮಗಳು ಇನ್ನೂ ಬಂದಿಲ್ಲ, ಹೀಗೆ ಎಲ್ಲರಿಗೂ ಹೇಳಿ, ಬೈಸಿಕೊಂಡು, ಹಗುರಾಗುತ್ತಿದ್ದೆ. ಇದನ್ನು ಯಾರಿಗೂ ಹೇಳಲಾಗಲಿಲ್ಲ. ಯಾಕೆಂದರೆ ಭಂಡಾರಕವಠೆಯಲ್ಲಿ ನನ್ನ ಅವ್ವನ ತಂಗಿ, ನಮ್ಮ ಮೌಶಿ, ಇಂಥದ್ದನ್ನೇ ಎರಡು ವರ್ಷ ಸೆರಗಿನ ಕೆಳಗೆ ಮುಚ್ಚಿಟ್ಟಿದ್ದಳು. ಬೇವಿನ ಸೊಪ್ಪು ಅರೆದು ಕಟ್ಟಿಕೊಳ್ಳುತ್ತಿದ್ದಳಂತೆ. ಗೊತ್ತಾದಾಗ ಹೊತ್ತು ಮೀರಿತ್ತು. ಆಗ ನಾನು ಹತ್ತನೇ ಇಯತ್ತೆ. ಕೊನೆಯ ವಾರ ಆಕೆಯ ಕೋಣೆಗೆ ನೀರು ಕೊಡಲು ಹೋದಾಗ ಬಂದ ವಾಸನೆ ಇಂದಿಗೂ ಬೇವಿನಮರದ ಕೆಳಗೆ ನಿಂತರೆ ಬರುತ್ತದೆ. ಮೌಶಿ ಯಾಕೆ ಮುಚ್ಚಿಟ್ಟಳೆಂದು ಇಡೀ ಮನೆ ಆಕೆಯನ್ನು ಬೈದಿತ್ತು. ಬೈದವರಲ್ಲಿ ನಾನೂ ಒಬ್ಬಳು. ಈಗ ನನಗೆ ಅರ್ಥವಾಯಿತು. ಹೇಳಿದರೆ ಅದು ನಿಜವಾಗುತ್ತದೆ.

ಹೇಳಲಿಲ್ಲ. ಆದರೆ ಓದಬಹುದಲ್ಲ?

ಸಣ್ಣದನ್ನು ತೆರೆದೆ. ಮಾಲಕರು ಊಟಕ್ಕೆ ಹೋದ ಹೊತ್ತು. ಹುಡುಕುವ ಪುಟದಲ್ಲಿ ಆ ಇಂಗ್ಲಿಷ್ ಪದವನ್ನು ಒಂದೊಂದೇ ಅಕ್ಷರವಾಗಿ ಒತ್ತಿದೆ. ಮೋಡೆಮ್ಮು ಆ ದಿನ ಎಂದಿಗಿಂತ ಜೋರಾಗಿ ಕಿರುಚಿದಂತೆ ಅನಿಸಿತು. ಯಾವುದೋ ದೇಶದ ವೈದ್ಯರ ಪುಟವೊಂದು ಬಂತು. ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳುವುದು ಹೇಗೆ ಎಂದು ತಲೆಬರಹ. ಅದರ ಕೆಳಗೆ ಮೊದಲನೆಯ ಹಂತ, ಒಂದು ಖಾಲಿ ಚೌಕ. ಎರಡನೆಯ ಹಂತ, ಒಂದು ಖಾಲಿ ಚೌಕ. 'ಇಂಥ ಲಕ್ಷಣ ಕಂಡರೆ ತಡಮಾಡಬೇಡಿ' ಎಂಬ ಸಾಲು, ಅದರ ಕೆಳಗೂ ಖಾಲಿ ಚೌಕ.

ಸಣ್ಣದು ಚಿತ್ರ ತೋರಿಸುವುದಿಲ್ಲ ಎಂಬುದನ್ನೇ ನಾನು ಇಷ್ಟು ದಿನ ಹೊಗಳಿದ್ದೆ. ಇಂಥ ಲಕ್ಷಣ ಎಂದರೆ ಎಂಥದು? ಆ ಚೌಕದೊಳಗೆ ಏನಿತ್ತು? ಬಸ್ಸಿನಲ್ಲಿ ಕುಂಭಾರಿ ದಾಟುವಾಗ, ಮನೆಯಲ್ಲಿ ರೊಟ್ಟಿ ಬಡಿಯುವಾಗ, ಆ ಖಾಲಿ ಚೌಕಗಳು ಕಣ್ಣ ಮುಂದೆ ನಿಲ್ಲತೊಡಗಿದವು. ಒಂದೊಂದರೊಳಗೂ ನಾನು ಮೌಶಿಯನ್ನು ಕೂರಿಸಿದೆ. ಏನನ್ನೂ ತೋರಿಸದ ಯಂತ್ರ ಭಯವನ್ನು ಕಡಿಮೆ ಮಾಡುತ್ತದೆ ಎಂದುಕೊಂಡಿದ್ದೆ. ಅದು ತೋರಿಸದಿದ್ದುದನ್ನೆಲ್ಲ ನಾನೇ ಬರೆದು ತುಂಬುತ್ತಿದ್ದೆ, ಅಷ್ಟೇ.

ಮುಂದಿನ ಬುಧವಾರ ಪೇಢಿ ಖಾಲಿಯಿತ್ತು. ವೈನಿ ತವರಿಗೆಂದು ಪುಣೆಗೆ ಹೋಗಿದ್ದರು. ಬೆಳಗಿನ ಗಾಡಿಗೆ ಮಾಲಕರೇ ಸ್ಟೇಶನ್ನಿಗೆ ಹೋಗಿ ಹತ್ತಿಸಿ ಬಂದು, ಮಧ್ಯಾಹ್ನ ಗೋದಾಮಿನ ಕಡೆ ಹೊರಟುಹೋದರು. ನಾನು ಬಾಗಿಲು ಮುಂದೆ ಮಾಡಿ ದೊಡ್ಡದನ್ನು ತೆರೆದೆ. ಅದೇ ಪುಟ. ಚಿತ್ರಗಳು ಮೇಲಿನಿಂದ ಕೆಳಕ್ಕೆ ಒಂದೊಂದೇ ಎಳೆಯಾಗಿ, ಮಗ್ಗದ ಮೇಲೆ ಬಟ್ಟೆ ಇಳಿದ ಹಾಗೆ ಇಳಿದವು. ನಾಲ್ಕು ಪುಟ ನೋಡಿದೆ. ಚಿತ್ರದಲ್ಲಿದ್ದ ಒಂದೂ ಲಕ್ಷಣ ನನ್ನಲ್ಲಿ ಇರಲಿಲ್ಲ. ಆದರೆ ನಾಲ್ಕನೆಯ ಪುಟದ ಕೊನೆಗೆ, ಯಾವ ಲಕ್ಷಣವೂ ಇಲ್ಲದೆಯೂ ಇರಬಹುದು ಎಂದು ಬರೆದಿತ್ತು.

ಮುಚ್ಚಿದೆ. ಹೊತ್ತಿಗೆ ಮುಂಚೆಯೇ ನವಿಲಿನ ಚಾದರು ಹೊದಿಸಿದೆ. ಆವಕ ರಜಿಸ್ಟರಿನಲ್ಲಿ ಅಂದಿನ ಕೆಲಸದ ನಾಲ್ಕು ಪುಟಗಳನ್ನು ಬರೆದೆ. ಮಿಕ್ಕ ನಾಲ್ಕನ್ನು ಬರೆಯಲಿಲ್ಲ. ಸಣ್ಣದು ತಾನೇ ಮರೆತುಬಿಟ್ಟ ಆ ಖಾಲಿ ಚೌಕಗಳ ಪುಟ ಬಿಟ್ಟರೆ, ನೌಕರಿಗೆ ಸೇರಿದ ಹನ್ನೊಂದು ವರ್ಷಗಳಲ್ಲಿ ನಾನು ಬರೆಯದೆ ಬಿಟ್ಟ ಮೊದಲ ಆವಕ ಅದು. ರಜಿಸ್ಟರಿನಲ್ಲಿ ಇಲ್ಲದ್ದು ಬಂದೇ ಇಲ್ಲ ಎಂಬುದು ಗುಮಾಸ್ತರ ನಂಬಿಕೆ. ಅದನ್ನೇ ನಂಬಿದೆ.

ಶನಿವಾರ ವೈನಿ ಬಹಳ ಉತ್ಸಾಹದಲ್ಲಿದ್ದರು. ಪುಣೆಯಲ್ಲಿ ಯಾರೋ ಗೆಳತಿ ಅವರಿಗೆ ಹೊಸದೊಂದು ತೋರಿಸಿಕೊಟ್ಟಿದ್ದಳು.

"ಮಾವಾರ, ಬರ್ರಿ ಇಲ್ಲೆ. ಅಕ್ಕಾರೂ ಬರ್ರಿ. ಇವತ್ತ ವಾದ ಮುಗಸಿಬಿಡ್ತೀನಿ." ದೊಡ್ಡದನ್ನು ತೆರೆದು ಮೇಲಿನ ಸಾಲಿನ ಒಂದು ಗುಂಡಿ ಒತ್ತಿದರು. ಪರದೆಯ ಎಡಗಡೆ ಒಂದು ಪಟ್ಟಿ ಬಿಚ್ಚಿಕೊಂಡಿತು. "ನೋಡ್ರಿ, ಸೋಮವಾರ, ಮಂಗಳವಾರ, ಬುಧವಾರ. ಯಾವ ದಿನ ಯಾವ್ಯಾವ ಹಾಳಿ ನೋಡೀವಿ ಅಂತ ಇದು ತಾನ ಬರದಿಟಗೊಂಡೈತಿ. ಅಕ್ಕಾರ ಕೈ ನೋವು ಮಾಡ್ಕೊಂಡ ರಜಿಸ್ಟರ ಬರಿಯೂದ ಬ್ಯಾಡ."

ಆ ಗುಂಡಿಯನ್ನು ನಾನು ದಿನಾ ನೋಡುತ್ತಿದ್ದೆ, ಏನೆಂದು ಒತ್ತಿ ನೋಡುವ ಧೈರ್ಯವಿರಲಿಲ್ಲ. ಅಂಜದೆ ಒಂದು ಸಲ ಒತ್ತಿದ್ದರೆ ಬುಧವಾರ ನಾನು ಆ ತಪ್ಪು ಮಾಡುತ್ತಿರಲಿಲ್ಲ.

ಮಾಲಕರಿಗೆ ಮಾತ್ರ ಅದು ಬಹಳ ಹಿಡಿಸಿತು. "ಭೇಷ್! ಮಶೀನ ತಾನ ಆವಕ ಬರೀತೈತಿ ಅಂದ್ರ... ಹಂಗಾದ್ರ ತಾಳೆ ನೋಡೂಣು. ಬಾಯಾರ, ನಿಮ್ಮ ರಜಿಸ್ಟರ ತಗೊಂಡ ಬರ್ರಿ."

"ಯಾಕ್ರಿ ಮಾಲಕ..."

"ಅಲ್ರಿ, ಎರಡು ವಹಿ ಇದ್ದಲ್ಲಿ ತಾಳೆ ಮಾಡೂದಿಲ್ಲೇನು? ಮಶೀನ ತಪ್ಪ ಬರದೈತೋ ಏನೋ ನೋಡಬೇಕಲ್ಲ. ಸೊಸಿ ಓದಲಿ, ನಾ ಖೂಣ ಹಾಕ್ತೀನಿ."

ಅವರ ದೃಷ್ಟಿಯಲ್ಲಿ ಅದು ನನ್ನ ಮೇಲಿನ ಅಭಿಮಾನ. ಯಂತ್ರ ತಪ್ಪಬಹುದು, ಬಾಯಾರು ತಪ್ಪುವುದಿಲ್ಲ. ರಜಿಸ್ಟರು ತಂದು ಅವರ ತೊಡೆಯ ಮೇಲಿಟ್ಟೆ. ಓಡಿಹೋಗಲು ನೆಪ ಹುಡುಕಿದೆ. ತಲೆನೋವಿನ ಗುಳಿಗೆಯಿಂದ ಪೋಸ್ಟ್‌ಕಾರ್ಡಿನವರೆಗೆ ಎಲ್ಲಕ್ಕೂ ತಯಾರಾಗಿ ಬರುತ್ತಿದ್ದ ನನ್ನ ಚೀಲದಲ್ಲಿ ಇದಕ್ಕೆ ಏನೂ ಇರಲಿಲ್ಲ.

ಸೋಮವಾರ ಓದಿದರು. ಮಾಲಕರು ಕೆಂಪು ಪೆನ್ಸಿಲಿನಲ್ಲಿ ಒಂದೊಂದಕ್ಕೂ ಗೆರೆ ಎಳೆದರು. ಐದಕ್ಕೆ ಐದು. ಮಂಗಳವಾರ, ಆರಕ್ಕೆ ಆರು. "ನೋಡ್ದೀ? ಒಂದೂ ಬಿಟ್ಟಿಲ್ಲ ನಮ್ಮ ಬಾಯಾರು," ಎಂದು ಸೊಸೆಯ ಕಡೆ ನೋಡಿ ಹೆಮ್ಮೆಪಟ್ಟರು. ವೈನಿ ಬುಧವಾರದ ಮೇಲೆ ಒತ್ತಿದರು. ಪಟ್ಟಿ ಬಿಚ್ಚಿಕೊಂಡಿತು. ಒಂದು ಓದಿದರು. ಎರಡು. ಮೂರು. ನಾಲ್ಕು. ಆಮೇಲೆ ನಿಂತರು.

ನಾನು ಅವರ ಬೆನ್ನ ಹಿಂದೆ ಇದ್ದೆ. ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಕೈ ಮಾತ್ರ ಕಂಡಿತು. ಮೌಸಿನ ಮೇಲೆ ಬೆರಳು ಹಾಗೇ ಎದ್ದು ನಿಂತಿತ್ತು.

"ಗುರುವಾರ," ಎಂದರು ವೈನಿ.

"ತಡಿ ತಡಿ. ಪರದೆ ಮ್ಯಾಲ ಎಂಟ ಸಾಲ ಅದಾವ. ನೀ ಓದಿದ್ದು ನಾಕ." ಇಂಗ್ಲಿಷ್ ಸರಾಗವಾಗಿ ಓದಲು ಬಾರದಿದ್ದರೇನು, ನಲವತ್ತು ವರ್ಷ ಟಾವೆಲ್ಲಿನ ಎಳೆ ಎಣಿಸಿದ ಕಣ್ಣು. "ಉಳದ ನಾಕು ಎಲ್ಲಿವು?"

ಇನ್ನೊಂದು ಕ್ಷಣಕ್ಕೆ ಅವರು ಕನ್ನಡಕ ಹಾಕಿಕೊಂಡು ಆ ಪದವನ್ನು ಅಕ್ಷರ ಅಕ್ಷರವಾಗಿ, ಗಟ್ಟಿಯಾಗಿ ಕೂಡಿಸಿ ಓದುತ್ತಾರೆ. ನನ್ನ ಮೈಯ ಆ ಭಾಗದ ಹೆಸರನ್ನು. ಈ ಪೇಢಿಯಲ್ಲಿ. ಅದರ ಮುಂದೆ ಇನ್ನೊಂದು ಪದವಿತ್ತು, ಅದು ಅವರಿಗೂ ಗೊತ್ತಿದ್ದ ಪದ. ಕನ್ನಡಕದ ಡಬ್ಬಿ ತೆರೆದ ಟಕ್ ಸದ್ದು ಕೇಳಿಸಿತು.

"ಅವು ನನ್ನವು, ಮಾವಾರ," ಎಂದರು ವೈನಿ. ತಿರುಗಲಿಲ್ಲ. "ಕಂಪನಿ ಕೆಲಸದವು ಅಲ್ಲ. ಡಾಕ್ಟರಕಿ ಹಾಳಿ. ಹೆಣ್ಮಕ್ಕಳ ವಿಚಾರ."

ಕನ್ನಡಕ ಅರ್ಧ ದಾರಿಯಲ್ಲೇ ನಿಂತಿತು. ಮಾಲಕರು ಸೊಸೆಯ ಬೆನ್ನನ್ನು ನೋಡಿದರು. ಬಹಳ ಹೊತ್ತು ನೋಡಿದಂತೆ ನನಗನಿಸಿತು. ಆಮೇಲೆ ಕನ್ನಡಕವನ್ನು ಡಬ್ಬಿಗೆ ಹಾಕಿ, ರಜಿಸ್ಟರಿನ ಆ ಪುಟದಲ್ಲಿ ಪೆನ್ಸಿಲಿನಿಂದ ಏನೋ ಮಾಡಿ, ಮುಚ್ಚಿದರು.

"ಸಾಕು ತಾಳೆ," ಎಂದರು. ಫೋನಿಗೆ ಕೈ ಹಾಕಿದರು. ಮೋಡೆಮ್ಮು ಲೈನು ಹಿಡಿದಿತ್ತು. ವೈನಿ ಬಿಡಿಸಿಕೊಟ್ಟರು. ಮಾಲಕರು ಪರಿಚಯದ ಒಬ್ಬ ಲೇಡಿ ಡಾಕ್ಟರಿಗೆ ಫೋನು ಮಾಡಿ ಮರಾಠಿಯಲ್ಲಿ ಎರಡೇ ಮಾತಾಡಿದರು. ಇಟ್ಟು ಹೇಳಿದರು: "ಹೊರಗ ಗಾಡಿ ಐತಿ. ಈಗ ಹೋಗಬೇಕು. ನಾಳೆ ಅಲ್ಲ, ಈಗ. ಸೊಸಿ ಒಬ್ಬಾಕಿ ಹೋಗೂದು ಬ್ಯಾಡ. ಬಾಯಾರ, ನೀವೂ ಜೊತಿಗಿ ಹೋಗ್ರಿ. ಡಾಕ್ಟರ ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳ್ರಿ. ಏನೂ ಮುಚ್ಚಿಡಬ್ಯಾಡ್ರಿ."

ಗಾಡಿಯಲ್ಲಿ ಹಿಂದಿನ ಸೀಟಿನಲ್ಲಿ ನಾವಿಬ್ಬರೇ. ಮುಂದೆ ಡ್ರೈವರು, ಅವನಿಗೆ ಕನ್ನಡ ಬರುವುದಿಲ್ಲವೆಂದು ಗೊತ್ತಿದ್ದರೂ ನಾವು ಪಿಸುಗುಟ್ಟಿದೆವು.

"ಯಾವಾಗಿಂದ?"

"ಏನ್ರಿ?"

"ಅಕ್ಕಾರ, ನನಗ ಆಟ ಆಡಬ್ಯಾಡ್ರಿ. ಯಾವಾಗಿಂದ?"

"ಹದಿನಾರ ದಿನ ಆತು." ಎಣಿಸಿದ್ದೆ. ಎಣಿಸದೆ ಇರುತ್ತೇನೆಯೇ? "ವೈನಿ, ನೀವು ಯಾಕ ಹಂಗ ಹೇಳಿದ್ರಿ? ನಿಮ್ಮ ಮನ್ಯಾಗ ಅತ್ತಿಯಾರಿಗಿ ಗೊತ್ತಾದ್ರ..."

"ಆಗಲಿ. ನಾ ಡಾಕ್ಟರ ಕಡೆ ತೋರಸ್ತೀನಿ, ಏನಿಲ್ಲ ಅಂತಾರ, ಮುಗೀತು. ನಿಮ್ಮದ ಹಂಗ ಆಗ್ತೈತೇನು?" ಆಮೇಲೆ ಕಿಟಕಿಯಾಚೆ ನೋಡುತ್ತ, "ಆ ಗುಂಡಿ ನಾನ ಒತ್ತಿದ್ದಲ್ರಿ ಅಕ್ಕಾರ. ವಾದ ಗೆಲ್ಲಾಕ ಹೋಗಿ ನಿಮ್ಮನ್ನ ಅಂಗಳಕ್ಕ ತಂದ ನಿಂದ್ರಿಸಿದೆ," ಎಂದರು.

ಆ ಮಾತಿಗೆ ನಾನೇನಾದರೂ ಹೇಳಬೇಕಿತ್ತು. ಹೇಳಿದ್ದು: "ಗಾಡಿ ಬಾಗಲಾ ಸರಿಯಾಗಿ ಹಾಕೇತಿಲ್ಲ ನೋಡ್ರಿ."

ಡಾಕ್ಟರು ನನ್ನ ವಯಸ್ಸಿನವರೇ. ಪೇಶಂಟು ಯಾರು ಎಂದು ಕೇಳಿದಾಗ ವೈನಿ "ಇಬ್ಬರೂ" ಎಂದರು. ತಾವೇ ಮೊದಲು ಪರದೆಯ ಆಚೆ ಹೋದರು. ಮಾವನಿಗೆ ಆಡಿದ ಮಾತು ಸುಳ್ಳಾಗಬಾರದೆಂದೋ, ನನಗೆ ಧೈರ್ಯ ಬರಲೆಂದೋ ನಾನು ಕೇಳಲಿಲ್ಲ. ಆಮೇಲೆ ನಾನು. ಮೇಲೆ ನೋಡುತ್ತ ಮಲಗಿದೆ. ಛತ್ತಿನ ಮೇಲೆ ತೇವದ ಒಂದು ಕಲೆಯಿತ್ತು. ಡಾಕ್ಟರ ಬೆರಳು ಆ ಜಾಗಕ್ಕೆ ಬಂದು ನಿಂತಿತು. ಮುಂದೆ ಹೋಗಿ ಮತ್ತೆ ಅಲ್ಲಿಗೇ ಬಂತು. ಅವರು ಏನೂ ಅನ್ನಲಿಲ್ಲ. ಅನ್ನದಿದ್ದುದನ್ನು ನಾನು ಅಲ್ಲೇ ತುಂಬತೊಡಗಿದೆ.

ಪರೀಕ್ಷೆಗೆಂದು ಗಂಟಿನಿಂದ ಸ್ವಲ್ಪ ಸೂಜಿ ಹಾಕಿ ತೆಗೆದರು. ಎಂಟು ದಿನ ಕಾಯಬೇಕೆಂದರು.

"ಕೆಟ್ಟದ್ದು ಇರಬಹುದೇನ್ರಿ?"

"ರಿಪೋರ್ಟ್ ಬರಲಿ," ಎಂದರು ಡಾಕ್ಟರು. ಇಷ್ಟು ಕಡಿಮೆ ಮಾತಾಡುವ ಮನುಷ್ಯರು ನನಗೆ ಅವತ್ತಿನಿಂದ ಸೇರುವುದಿಲ್ಲ.

ಆ ಎಂಟು ದಿನಗಳನ್ನು ಹೇಗೆ ಕಳೆದೆನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅತ್ತಿದ್ದರೆ ಮರ್ಯಾದೆಯಿರುತ್ತಿತ್ತು. ನಾನು ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ. ನಾನು ಇಲ್ಲದಾಗ ಯಾವುದರಲ್ಲಿ ಏನಿದೆಯೆಂದು ತಿಳಿಯಬೇಕಲ್ಲ. ಮಗಳಿಗೆ ಕನ್ನಡ ಓದಲು ಬಾರದು, ಮರಾಠಿ ಸಾಲಿ. ಆದ್ದರಿಂದ ಮರಾಠಿಯಲ್ಲಿ ಬರೆದೆ. ಹಾಲಿನವನು ಬರುವ ಹೊತ್ತು, ಗ್ಯಾಸಿನ ಪುಸ್ತಕ ಇರುವ ಜಾಗ, ಮಗಳ ಶೀತಕ್ಕೆ ಯಾವ ಕಷಾಯ ಎಂದೆಲ್ಲ ಬರೆದು ಕಪಾಟಿನ ಬಾಗಿಲ ಒಳಗಡೆ ಅಂಟಿಸಿದೆ. ಐದನೆಯ ದಿನ ಬೆಳಿಗ್ಗೆ ನನ್ನ ಗಂಡ ಒಗ್ಗರಣೆಗೆ ಸಾಸಿವೆ ಎತ್ತಿಕೊಡಲು ಹೋದವರು ಡಬ್ಬಿ ಹಿಡಿದು ನಿಂತರು. ಅವರು ತಾಲೂಕು ಕಚೇರಿಯಲ್ಲಿ ಗುಮಾಸ್ತರು, ಕಾಗದ ಕಂಡರೆ ಓದದೆ ಬಿಡುವವರಲ್ಲ.

"ಏ, ಸಾಸಿವಿ ಡಬ್ಬಿ ಮ್ಯಾಲ 'ಮೋಹರಿ' ಅಂತ ಯಾಕ ಬರದಿ? ಈ ಮನ್ಯಾಗ ಸಾಸಿವಿ ಗುರ್ತ ಸಿಗಲಾರದವರು ಯಾರದಾರ?"

"ಇರಲಿ ಬಿಡ್ರಿ."

"ಉಪ್ಪಿಗೂ ಬರದೀಯಲ್ಲ! ಉಪ್ಪು ನೆಕ್ಕಿ ನೋಡಿದ್ರ ತಿಳೀತೈತಿ..." ಎನ್ನುತ್ತ ಕಪಾಟಿನ ಬಾಗಿಲು ತೆರೆದರು. ಒಳಗಿನ ಕಾಗದ ಓದಿದರು. ಎರಡು ಸಲ ಓದಿದರು. ಎಣ್ಣೆ ಕಾದು ಹೊಗೆಯೇಳುತ್ತಿತ್ತು. ಅವರೇ ಬಂದು ಒಲೆ ಆರಿಸಿದರು.

"ನೀ ಎಲ್ಲಿ ಹೊಂಟೀ?" ಎಂದು ಕೇಳಿದರು.

ಹೇಳಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಹದಿನಾರು ದಿನ, ಮತ್ತೆ ಐದು ದಿನ ನನ್ನೊಳಗೆ ಇಷ್ಟೆತ್ತರ ಬೆಳೆದದ್ದು ಬಾಯಿಂದ ಹೊರಬಂದಾಗ ನಾಲ್ಕೇ ವಾಕ್ಯವಾಗಿತ್ತು. ಅವರು ಗೋಡೆಗೆ ಒರಗಿ ನೆಲದ ಮೇಲೆ ಕೂತರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು, ಮೊಳೆಗೆ ತೂಗುಹಾಕಿದ್ದ ನನ್ನ ಚೀಲ ತೆಗೆದು, "ಎಡಗಡಿಗಿ ಇಷ್ಟ ವಜ್ಜಿ ಹಾಕ್ಕೊಂಡ ತಿರಗತಿಯಲ್ಲ," ಎಂದು ತಮ್ಮ ಹೆಗಲಿಗೆ ಹಾಕಿಕೊಂಡರು. ಅವತ್ತು ಹೆಂಗಸರ ಚೀಲ ಹಾಕಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ನನ್ನ ಜೊತೆ ನಡೆದುಬಂದರು. ಗುರುವಾರವಾದ್ದರಿಂದ ನಮ್ಮೂರಿನ ಸ್ವಾಮಿಗಳ ಮಠಕ್ಕೆ ಬಂದವರು ದಾರಿಯ ತುಂಬ. ಅವರ ಕಚೇರಿಯ ಇಬ್ಬರು ನೋಡಿದರು, ನಕ್ಕರು. ಅವರು ಚೀಲ ಇಳಿಸಲಿಲ್ಲ.

ರಿಪೋರ್ಟಿಗೆ ನಾವು ಮೂವರು ಹೋದೆವು. ವೈನಿ, ನನ್ನ ಗಂಡ, ಅವರ ಹೆಗಲ ಮೇಲೆ ಚೀಲ. ಡಾಕ್ಟರು ಲಕೋಟೆ ಒಡೆದು ಓದುವಾಗ ನಾನು ಅವರ ಹುಬ್ಬನ್ನು ನೋಡುತ್ತಿದ್ದೆ. ಕೆಟ್ಟ ಗಂಟಲ್ಲ, ಆದರೂ ತೆಗೆದುಬಿಡೋಣ ಎಂದರು. ವೈನಿ ನನ್ನ ಕೈ ಹಿ‌ಡಿದುಕೊಂಡರು. ನನ್ನ ಗಂಡ ಕೆಮ್ಮಿದರು.

"ಖಾತ್ರೀನ್ರಿ? ಬ್ಯಾರೆ ಯಾರದರೆ ರಿಪೋರ್ಟ ಅದಲಬದಲ ಆಗಿರೂದಿಲ್ಲಲ್ರಿ?" ಎಂದು ನಾನು ಕೇಳಿದೆ.

ಡಾಕ್ಟರು ನಕ್ಕರು. ಅದು ನಗುವ ಮಾತೆಂದು ನನಗೆ ಅನಿಸಿರಲಿಲ್ಲ. ಆಪರೇಶನ್ನಾಗಿ, ತೆಗೆದ ಗಂಟನ್ನು ಮತ್ತೊಮ್ಮೆ ಪರೀಕ್ಷೆ ಮಾಡಿ, ಅದೂ ಹಾಗೇ ಬಂದ ಮೇಲೂ ಬಹಳ ದಿನ ನಾನು ಆ ಎರಡು ಕಾಗದಗಳನ್ನು ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ. ಬಸ್ಸಿನಲ್ಲಿ ತೆಗೆದು ನನ್ನ ಹೆಸರನ್ನು ಓದುತ್ತಿದ್ದೆ.

ಹದಿನೈದು ದಿನಗಳ ರಜೆ ಮುಗಿಸಿ ಪೇಢಿಗೆ ಹೋದೆ. ಕಂಪ್ಯೂಟರಿನ ಮೇಲಿನ ಚಾದರನ್ನು ಯಾರೋ ತೆಗೆದು ಅಡ್ಡಾದಿಡ್ಡಿ ಮಡಚಿಟ್ಟಿದ್ದರು. ಮಾಲಕರು ಗಾದಿಯ ಮೇಲೆ ಕೂತಿದ್ದರು. ಮಡಿಲಲ್ಲಿ ಆವಕ ರಜಿಸ್ಟರು.

"ಆರಾಮ ಆದ್ರಿ?"

"ಆಗೇನ್ರಿ ಮಾಲಕ."

"ಹಂಗಾದ್ರ ಇದೊಂದು ಬಾಕಿ ಐತಿ." ರಜಿಸ್ಟರು ತೆರೆದು ನನ್ನ ಕಡೆ ತಿರುಗಿಸಿದರು. ಆ ಬುಧವಾರದ ಪುಟ. ನನ್ನ ನಾಲ್ಕು ನಮೂದುಗಳ ಕೆಳಗೆ, ಗುರುವಾರಕ್ಕೆ ಮೊದಲು ಉಳಿದಿದ್ದ ಇಕ್ಕಟ್ಟಿನ ಜಾಗದಲ್ಲಿ, ಕೆಂಪು ಪೆನ್ಸಿಲಿನ ನಾಲ್ಕು ಸಣ್ಣ ಗೆರೆಗಳಿದ್ದವು. ಶನಿವಾರ, ತಾಳೆ ನಿಲ್ಲಿಸುವ ಮೊದಲು ಎಳೆದದ್ದು. "ನಾಕ ಹಾಳಿ ಬರದಿಲ್ಲ. ಬರೀರಿ. ನಿಮ್ಮ ಹೆಸರ್ಲೆ ಬರೀರಿ, ಸೊಸೀದು ಬ್ಯಾಡ. ಆಕೀನ ಬುಧವಾರ ಪುಣೆ ಗಾಡಿಗಿ ಹತ್ತಿಸಿದಾಂವ ನಾನ ಅಲ್ಲೇನು?"

ಒಳಗೆ ಕಂಪ್ಯೂಟರಿನ ಮುಂದೆ ಕೂತಿದ್ದ ವೈನಿಯ ಬೆರಳುಗಳ ಸದ್ದು ನಿಂತಿತು.

ನಾನು ಪೆನ್ನು ತೆಗೆದುಕೊಂಡೆ. ನಾಲ್ಕು ನಂಬರು. ದಿನ. ಎಲ್ಲಿಂದ. ವಿಷಯದ ಅಂಕಣದಲ್ಲಿ 'ಸ್ವಂತದ್ದು' ಎಂದು ಬರೆದೆ. ಆಮೇಲೆ ವಿಲೇವಾರಿಯ ಅಂಕಣಕ್ಕೆ ಬಂದು ಕೈ ನಿಂತಿತು. ಏನು ಬರೆಯಬೇಕೆಂದು ಗೊತ್ತಿತ್ತು. ಆದರೆ ಮಸಿಯಲ್ಲಿ ಬರೆದರೆ ಅಳಿಸಲು ಬರುವುದಿಲ್ಲ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ? ರಜಿಸ್ಟರು ಸುಳ್ಳು ಹೇಳಿದಂತಾಗುವುದಿಲ್ಲವೇ? ಮಾಲಕರು ನೋಡುತ್ತಿದ್ದರು. ನನ್ನ ಹನ್ನೊಂದು ವರ್ಷದ ನೌಕರಿ ನೋಡಿದ ಮನುಷ್ಯ. ಏನೂ ಕೇಳದೆ ತಮ್ಮ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಮುಂದೆ ಚಾಚಿದರು.

ಆ ನಾಲ್ಕು ನಮೂದುಗಳ ಮುಂದೆ ಮಾತ್ರ 'ಮುಗಿದಿದೆ' ಎಂಬುದು ಪೆನ್ಸಿಲಿನಲ್ಲಿದೆ.